ಮಡಿಯಲ್ಲಿ ಒಗೆದ ಬ್ಯಾಂಡೇಜು

ನನ್ನ ಎಡಗಾಲಿನಲ್ಲಿ, ಹರಡಿನಿಂದ, ಅಂದರೆ ಪಾದದ ಕೀಲಿನಿಂದ, ಸ್ವಲ್ಪ ಮೇಲೆ ಒಳಬದಿಗೆ, ಅಂಗೈಯಗಲದ ಒಂದು ಹುಣ್ಣು ಹನ್ನೊಂದು ವರ್ಷ ಇತ್ತು. ಹನ್ನೊಂದು ವರ್ಷ ಎಂದರೆ ಜನ ನಂಬುವುದಿಲ್ಲ. "ಹಂಗಂದ್ರ ಸಕ್ಕರಿ ಬ್ಯಾನಿ ಇರಬೇಕು" ಎನ್ನುತ್ತಾರೆ. ನನಗೆ ಸಕ್ಕರೆ ಕಾಯಿಲೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಪರೀಕ್ಷೆಗೆಂದು ರಕ್ತ ಕೊಟ್ಟು ಕೊಟ್ಟು ಸಾಕಾಗಿ, ಕೊನೆಕೊನೆಗೆ ಕೇಳಿದವರಿಗೆಲ್ಲ "ಹೌದ್ರಿ, ಅದ" ಎಂದುಬಿಡುತ್ತಿದ್ದೆ. ಹಾಗಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನಾವಿರುವುದು ಕಲಬುರಗಿಯ ಬ್ರಹ್ಮಪುರದಲ್ಲಿ. ನನ್ನ ಗಂಡ ಪೌರೋಹಿತ್ಯ ಮಾಡುತ್ತಾರೆ. ಮಗಳು ಮದುವೆಯಾಗಿ ಬೀದರಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಇಬ್ಬರೇ ಎಂದರೆ ಅಡುಗೆ ಕಡಿಮೆ ಎಂದುಕೊಳ್ಳಬೇಡಿ. ತಮ್ಮ ಮನೆಯಲ್ಲಿ ಅನುಕೂಲವಿಲ್ಲದವರು ಶ್ರಾದ್ಧಗಳನ್ನು ನಮ್ಮಲ್ಲೇ ಮಾಡಿಸುತ್ತಿದ್ದರು. ವಾರಕ್ಕೆ ಎರಡು ಸಲವಾದರೂ ಹತ್ತು ಹನ್ನೆರಡು ಎಲೆ ಬೀಳುತ್ತಿದ್ದವು. ನಸುಕಿನಲ್ಲಿ ಸ್ನಾನ ಮಾಡಿ, ಹಿಂದಿನ ದಿನ ಒಗೆದು ಯಾರೂ ಮುಟ್ಟದ ಹಾಗೆ ಹಿತ್ತಲಿನ ಬಿದಿರು ಗಳದ ಮೇಲೆ ಒಣಗಿಸಿದ ಸೀರೆ ಉಟ್ಟು ಒಳಗೆ ಹೋದರೆ, ಎಲ್ಲರ ಊಟವಾಗುವ ತನಕ ನನ್ನನ್ನು ಯಾರೂ ಮುಟ್ಟುವಂತಿಲ್ಲ, ಮಡಿಯಲ್ಲದ ಯಾವ ಬಟ್ಟೆಯೂ ನನ್ನ ಮೈಮೇಲೆ ಇರುವಂತಿಲ್ಲ. ನಮ್ಮ ಅತ್ತೆ ಇದನ್ನೆಲ್ಲ ಒಲೆಯ ಮುಂದೆ ಕೂತು ಮಾಡಿದವರು. ಗ್ಯಾಸು ಬಂದಾಗ ನಮ್ಮ ಮನೆಯವರು ನಿಂತು ಅಡುಗೆ ಮಾಡಲು ಫರ್ಸಿ ಕಲ್ಲಿನ ಕಟ್ಟೆ ಕಟ್ಟಿಸಿ, "ನಿನಗ ಅನುಕೂಲ ಆತು ನೋಡು" ಎಂದರು. ಆ ಅನುಕೂಲದ ಮುಂದೆ ಇಪ್ಪತ್ತೈದು ವರ್ಷ ನಿಂತೆ. ಕಾಲಿನ ನರಗಳು ಹುರಿಯ ಹಾಗೆ ಎದ್ದವು, ಸಂಜೆಯಾದರೆ ಪಾದ ಊದುತ್ತಿತ್ತು, ಹರಡಿನ ಸುತ್ತ ಚರ್ಮ ಕಂದು ತಿರುಗಿತು. ಒಂದು ದಿನ ಸಿಲಿಂಡರಿನ ಅಂಚು ತಾಗಿ ಅಲ್ಲೇ ಗೀರಿತು. ಗೀರಿದ್ದು ಮಾಯಲಿಲ್ಲ.

ಮೊದಲು ಅರಿಶಿನ ತುಪ್ಪ ಹಚ್ಚಿದೆ, ಆಮೇಲೆ ಬೇವಿನ ಸೊಪ್ಪು ಅರೆದು ಕಟ್ಟಿದೆ. ಓಣಿಯ ದವಾಖಾನೆಯ ಕಂಪೌಂಡರ್ ಒಂದು ಬಿಳಿ ಪುಡಿ ಉದುರಿಸುತ್ತಿದ್ದ. ಅದು ಒಣಗಿ ಸಿಮೆಂಟಾಗುತ್ತಿತ್ತು, ಕೀಳುವಾಗ ಹೊಸ ಮಾಂಸವೂ ಕಿತ್ತು ಬರುತ್ತಿತ್ತು. ಒಬ್ಬ ಡಾಕ್ಟರು ಒಂದು ಮುಲಾಮು ಬರೆದರೆ, ಇನ್ನೊಬ್ಬರು ಅದನ್ನು ಬಿಡಿಸಿ ತಮ್ಮದೊಂದು ಬರೆಯುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಬ್ಬರೂ "ಸೀರಿ ಮೊಣಕಾಲ ತನಕ ಎತ್ರಿ, ನರ ನೋಡೋಣು" ಎನ್ನಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ನನ್ನ ಕಾಲಿನ ಗತಿ. ಕೀವು ಸೋರುತ್ತಿತ್ತು, ವಾಸನೆ ಬರುತ್ತಿತ್ತು. ಅರಿಶಿನ ಕುಂಕುಮಕ್ಕೆ ಹೋದರೆ ನನ್ನ ಪಕ್ಕದ ಹೆಂಗಸು ಏನೋ ನೆನಪಾದವಳಂತೆ ಎದ್ದು ಬೇರೆ ಕಡೆ ಕೂರುತ್ತಿದ್ದಳು. ಹೋಗುವುದನ್ನೇ ಬಿಟ್ಟೆ. ದೇವರ ಮುಂದೆ ನಿಂತರೆ ಗಂಡನ ಆಯುಷ್ಯ ಬೇಡಬೇಕು ಎಂದು ಕಲಿಸಿದ್ದರು. ನಾನು ಬೇಡುತ್ತಿದ್ದದ್ದು ಒಂದೇ, ಈ ಹುಣ್ಣು ಮುಚ್ಚಲಿ ಎಂದು.

ಕೊನೆಗೆ ನಮ್ಮ ಊರಲ್ಲೇ ಜಗತ್ ಬಡಾವಣೆಯ ಕಡೆ ರಕ್ತನಾಳದ ಡಾಕ್ಟರೊಬ್ಬರು ಇದ್ದಾರೆಂದು ಮಗಳು ಫೋನಿನಲ್ಲಿ ಹೇಳಿದಳು. ಹೋದೆ. ಡಾಕ್ಟರು ನನ್ನ ಮಗಳ ವಾರಗೆಯ ಹೆಣ್ಣುಮಗಳು. ಪಾದದ ನಾಡಿ ಹಿಡಿದು ನೋಡಿದಳು, ಕಾಲಿಗೆ ಜೆಲ್ ಸವರಿ ಸ್ಕ್ಯಾನ್ ಮಾಡಿದಳು.

"ಅಮ್ಮಾರ, ಹುಣ್ಣು ಚರ್ಮದಾಗ ಅದ, ಬ್ಯಾನಿ ನರದಾಗ ಅದ. ಮ್ಯಾಲ ಏರಬೇಕಾದ ರಕ್ತ ತಿರುಗಿ ಕೆಳಗ ಇಳ್ಯಾಕತ್ತದ. ನೀರು ನಿಂತ ಹೊಲದಾಗ ಬೆಳಿ ಬರ್ತದೇನ್ರಿ? ಹಂಗ ಇದೂ ಮಾಯಂಗಿಲ್ಲ" ಎಂದಳು.

ಮುಲಾಮಿಗಿಂತ ಒತ್ತಿ ಕಟ್ಟುವ ಕಟ್ಟೇ ದೊಡ್ಡ ಔಷಧವಂತೆ. ಬೆರಳ ಬುಡದಿಂದ ಮೊಣಕಾಲಿನ ಕೆಳಗಿನ ತನಕ ಪದರದ ಮೇಲೆ ಪದರ ಬ್ಯಾಂಡೇಜು ಸುತ್ತಬೇಕು, ವಾರದ ತನಕ ಬಿಚ್ಚಬಾರದು. ಮಲಗಿದಾಗ ಕಾಲು ಎದೆಗಿಂತ ಮೇಲಿರಬೇಕು. ನಡೆದಾಡಬಹುದು, ನಿಂತಲ್ಲೇ ನಿಲ್ಲಬಾರದು. ಕೆಟ್ಟ ನರವನ್ನು ಲೇಸರಿನಿಂದ ಮುಚ್ಚಬೇಕು. ಅದಕ್ಕೂ ಬಗ್ಗದಿದ್ದರೆ ತೊಡೆಯ ಚರ್ಮ ತೆಗೆದು ಇಲ್ಲಿಗೆ ಹಾಕಬೇಕು. "ಆದ್ರ ಏನ್ ಮಾಡಿದ್ರೂ ಕಟ್ಟು ಮಾತ್ರ ತಪ್ಪಂಗಿಲ್ರಿ. ಕಟ್ಟು ನೆಟ್ಟಗಿದ್ರ ಮೂರು ನಾಕು ತಿಂಗಳದಾಗ ಮಾಯಬಹುದು" ಎಂದಳು. ಒಂಬತ್ತು ವರ್ಷದ ಮೇಲೆ ಮೊದಲ ಸಲ ಯಾರೋ ಲೆಕ್ಕ ಹೇಳಿದ ಹಾಗೆ ತಿಂಗಳು ಹೇಳಿದ್ದರು. ನಾನು ಅವಳ ಟೇಬಲ್ಲಿನ ಮುಂದೆಯೇ ಅತ್ತೆ.

ಅವತ್ತೇ ಕಟ್ಟು ಕಟ್ಟಿಸಿಕೊಂಡು ಮನೆಗೆ ಬಂದಾಗ ನಮ್ಮ ಮನೆಯವರು ಪಡಸಾಲೆಯಲ್ಲಿ ಕೂತಿದ್ದರು. ಕಾಲು ನೋಡಿದರು.

"ಇದನ್ನ ಯಾರು ಕಟ್ಟಿದ್ರು?"

"ನರ್ಸ್ ಕಟ್ಟಿದ್ಲರಿ."

"ವಾರ ತನಕ ಬಿಚ್ಚಂಗಿಲ್ಲ?"

"ಬಿಚ್ಚಂಗಿಲ್ಲಂತರಿ."

ಮರುದಿನ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸ್ನಾನ ಮಾಡಿ, ಮಡಿಸೀರೆ ಉಟ್ಟು ಅಡುಗೆ ಮಾಡಿದೆ. ಅವರು ಬಂದು ಎಲೆಯ ಮುಂದೆ ಕೂತರು. ಸೀರೆಯ ಅಂಚಿನ ಕೆಳಗೆ ಕಾಣುತ್ತಿದ್ದ ಬ್ಯಾಂಡೇಜು ನೋಡಿದರು. "ಯಾಕೋ ಹಸಿವಿಲ್ಲ, ಒಂದು ಲೋಟ ಹಾಲು ಕೊಡು" ಎಂದು ಎದ್ದರು. ಎರಡನೆಯ ದಿನವೂ ಹಾಲು, ಮೂರನೆಯ ದಿನವೂ ಹಾಲು, ಜೊತೆಗೆ ಎರಡು ಬಾಳೆಹಣ್ಣು. ಬೈಯಲಿಲ್ಲ, ಬಿಚ್ಚು ಎನ್ನಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ನನ್ನ ಬಾಯಿ ಎಂಥದೆಂದು ಇಡೀ ಓಣಿಗೆ ಗೊತ್ತು. ಹಸಿದುಕೊಂಡು ಸುಮ್ಮನೆ ಕೂತ ಗಂಡಸಿನ ಜೊತೆ ಹೇಗೆ ಜಗಳ ಮಾಡುವುದು? ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕೂತು ಕತ್ತರಿಯಿಂದ ಅದನ್ನು ಕತ್ತರಿಸಿ ತೆಗೆದೆ. ಅವತ್ತು ಊಟ ಮಾಡಿದರು.

ಡಾಕ್ಟರಿಗೆ "ಜಾರಿತ್ರಿ" ಎಂದು ಸುಳ್ಳು ಹೇಳಿದೆ. ಎರಡು ಮೂರು ಸಲ ಜಾರಿದ ಮೇಲೆ ಅವಳು ಆ ಪದರದ ಕಟ್ಟು ಬಿಟ್ಟು, ನಾನೇ ಸುತ್ತಿಕೊಳ್ಳಬಹುದಾದ ಎಲಾಸ್ಟಿಕ್ ಬ್ಯಾಂಡೇಜು ಎರಡು ಸುರುಳಿ ಕೊಟ್ಟಳು. ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಇಡುವ ಮೊದಲೇ ಬಿಗಿಯಾಗಿ ಸುತ್ತಬೇಕು. ಹೊಲಸಾದರೆ ಒಗೆಯಬಹುದು, ನೆರಳಿನಲ್ಲಿ ಒಣಗಿಸಬೇಕು ಎಂದಳು. ಒಗೆಯಬಹುದು ಎಂದ ತಕ್ಷಣ ನನ್ನ ತಲೆಯಲ್ಲಿ ದೀಪ ಹತ್ತಿತು. ಒಗೆದದ್ದು ಮಡಿಯಾಗುತ್ತದಲ್ಲ. ಇಷ್ಟು ಸರಳ ಉಪಾಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅವತ್ತಿನಿಂದ ದಿನಾ ಸ್ನಾನಕ್ಕೆ ಹೋದಾಗ ಬ್ಯಾಂಡೇಜನ್ನೂ ತಿಕ್ಕಿ ಒಗೆದು, ಹಿಂಡಿ, ಕೋಲಿನಿಂದ ಸೀರೆಯ ಪಕ್ಕದಲ್ಲಿ ಗಳಕ್ಕೆ ಏರಿಸುತ್ತಿದ್ದೆ. ಒಂದು ಒಣಗುವಾಗ ಇನ್ನೊಂದು ಕಾಲಿಗೆ. ಸುತ್ತಿಕೊಳ್ಳುತ್ತಿದ್ದದ್ದೂ ಸ್ನಾನದ ಮೇಲೆಯೇ, ಅಷ್ಟರಲ್ಲಿ ಕಾಲು ಅರ್ಧ ಊದಿರುತ್ತಿತ್ತು. ಮನೆಯವರು ಗಳದ ಮೇಲೆ ತೂಗುತ್ತಿದ್ದ ಬ್ಯಾಂಡೇಜನ್ನು ನೋಡಿದರು, ಊಟಕ್ಕೆ ಕೂತರು. ಹುಣ್ಣೂ ಮಾಯುತ್ತದೆ, ಮಡಿಯೂ ಉಳಿಯುತ್ತದೆ ಎಂದು ಎರಡು ವರ್ಷ ಬೀಗಿದೆ.

ಮಾಯಲಿಲ್ಲ. ಉಗುರಿನಷ್ಟು ಕೂಡುವುದು, ಮತ್ತೆ ಒಡೆಯುವುದು. ಡಾಕ್ಟರು ಪ್ರತಿ ತಿಂಗಳೂ ಮೊಬೈಲಿನಲ್ಲಿ ಫೋಟೊ ತೆಗೆದು ಹಿಂದಿನದರ ಪಕ್ಕ ಇಟ್ಟು ನೋಡುತ್ತಿದ್ದಳು. ಲೇಸರ್ ಮಾಡಿದಳು. ಆಮೇಲೆ ತೊಡೆಯಿಂದ ಚರ್ಮ ತೆಗೆದು ಹಾಕಿದಳು. ತೊಡೆ ಉರಿದದ್ದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಚರ್ಮ ಕೂತುಕೊಂಡಿತು, ಮನೆಗೆ ಬಂದೆ, ಕಟ್ಟೆಯ ಮುಂದೆ ನಿಂತೆ, ಎರಡು ತಿಂಗಳಿಗೆ ಅದೂ ಕರಗಿ ಹೋಯಿತು. "ನನ್ನ ಕೈಯಾಗೇ ಏನೋ ತಪ್ಪಾಗ್ಯದ" ಎಂದು ಆ ಹುಡುಗಿ ತಲೆ ಹಿಡಿದುಕೊಂಡಳು. ಕಟ್ಟೆಯ ಮುಂದೆ ತಾಸುಗಟ್ಟಲೆ ನಿಲ್ಲುತ್ತಿದ್ದದ್ದನ್ನು ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗಬೇಕು ನನಗೆ.

ತಪ್ಪು ಹಿಡಿದದ್ದು ನರ್ಸು. ಡ್ರೆಸಿಂಗ್ ಮಾಡುವಾಗ ನನ್ನ ಬ್ಯಾಂಡೇಜನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಎಳೆದದ್ದು ಎಳೆದ ಹಾಗೇ ಉಳಿಯಿತು, ತಿರುಗಿ ಕುಗ್ಗಲಿಲ್ಲ. "ಮೇಡಂ, ಇಲ್ಲಿ ನೋಡ್ರಿ, ಇದು ಬ್ಯಾಂಡೇಜ್ ಅಲ್ಲ, ಹಳೀ ಧೋತರ ಆಗ್ಯದ" ಎಂದು ನಕ್ಕಳು.

ಡಾಕ್ಟರು ನಗಲಿಲ್ಲ. "ಅಮ್ಮಾರ, ಖರೇ ಹೇಳ್ರಿ. ಇದನ್ನ ಎಷ್ಟು ದಿನಕ್ಕೊಮ್ಮೆ ಒಗ್ಯಾಕತ್ತೀರಿ?"

"ದಿನಾರಿ. ಬಿಸಿಲಿಗೆ ಹಾಕ್ತೀನಿ."

"ದಿನಾ ಯಾಕ?"

"ಮಡಿಗ್ರಿ. ಅಡಗಿ ಮಾಡಬೇಕಲ್ಲರಿ."

ಅವಳು ಪೆನ್ನು ಕೆಳಗಿಟ್ಟಳು. "ಆ ಬಿಗಿ ಅದ ಅಲ್ಲ, ಅದೇ ಔಷಧರಿ. ಎರಡು ವರ್ಷ ನಾ ಕೊಟ್ಟ ಔಷಧಾನ ನೀವು ದಿನಾ ಹಿಂಡಿ ಬಚ್ಚಲಕ್ಕ ಬಿಟ್ಟೀರಿ. ಅದರ ಮ್ಯಾಲ ತಾಸುಗಟ್ಟಲೆ ನಿಂತೀರಿ. ಹಿಂಗಾದ್ರ ನಾ ಇನ್ನೊಂದು ಸಲ ಚರ್ಮ ಹಾಕಂಗಿಲ್ಲ." ಆ ಬ್ಯಾಂಡೇಜನ್ನು ಕಸದ ಬುಟ್ಟಿಗೆ ಹಾಕಿ, "ಅಡಗಿ ಮಾಡದೇ ಇರೋವಂಥ ಮನಿ ಯಾವದರ ಅದೇನ್ರಿ ನಿಮಗ?" ಎಂದಳು.

ಇತ್ತು. ಕಮಲಾಪುರದಲ್ಲಿ ನನ್ನ ಅಣ್ಣನ ಮನೆ. ಹೊರಡುವ ದಿನ ನಮ್ಮ ಮನೆಯವರು, "ಹೋಗಿ ಬಾ, ನಾ ಹಾಲು ಹಣ್ಣಿನ ಮ್ಯಾಲ ಇರ್ತೀನಿ" ಎಂದರು. ಬಸ್ಸಿನಲ್ಲಿ ಕಾಲಿನ ನೋವಿಗೆ ಅಳಲಿಲ್ಲ, ಅವರ ಹೊಟ್ಟೆ ನೆನೆದು ಅತ್ತೆ. ಎಂಥ ಹುಚ್ಚಿ ನೋಡಿ.

ಅಣ್ಣನ ಹೆಂಡತಿ, ನಮ್ಮ ವೈನಿ, ಅಂಥ ಅಳುವಿಗೆಲ್ಲ ಸೊಪ್ಪು ಹಾಕುವವಳಲ್ಲ. "ಹಾಲಿನ ಮ್ಯಾಲ ಇರ್ತಾರಂದ್ರ ಇರಲಿ ಬಿಡು. ಭಾರ ಆದ್ರ ಆಕಳಿಗೆ ಆಗ್ತದ, ನಿನಗೇನು?" ಎಂದಳು. ಅಡುಗೆಮನೆಯ ಹೊಸ್ತಿಲು ದಾಟಿದರೆ ಲಟ್ಟಣಿಗೆ ತೋರಿಸುತ್ತಿದ್ದಳು. ಗಾದಿ ಸುತ್ತಿ ಅದರ ಮೇಲೆ ನನ್ನ ಕಾಲು ಏರಿಸಿ, ಕೂತಲ್ಲಿಗೇ ತಟ್ಟೆ ತಂದುಕೊಡುತ್ತಿದ್ದಳು. ಸಂಜೆ ಬಾಳೆ ತೋಟದ ತನಕ ನಡೆಸಿಕೊಂಡು ಹೋಗಿ ಬರುತ್ತಿದ್ದಳು. ವಾರಕ್ಕೊಮ್ಮೆ ಬಸ್ಸು ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಪದರದ ಕಟ್ಟು ಹೊಸದಾಗಿ ಕಟ್ಟಿಸಿ, ಅದೇ ಬಸ್ಸಿಗೆ ತಿರುಗಿ ಕರೆತರುತ್ತಿದ್ದಳು. ಒಮ್ಮೆ ಮನೆಗೆ ಹೋಗಿ ಬರೋಣವೆಂದರೆ, "ಹೋದ್ರ ನೀ ಪಾತ್ರಿ ಮುಟ್ಟದೇ ಬರ್ತೀಯೇನು?" ಎಂದು ಕೈ ಹಿಡಿದು ಎಳೆದಳು.

ಹದಿನಾಲ್ಕು ವಾರಕ್ಕೆ ಹುಣ್ಣು ಮುಚ್ಚಿತು. ಎಳೆಗೂಸಿನ ತುಟಿಯ ಬಣ್ಣದ ತೆಳು ಚರ್ಮ. ಡಾಕ್ಟರು ಕೊನೆಯ ಫೋಟೊ ತೆಗೆದಳು. ಇನ್ನು ಬದುಕಿರುವ ತನಕ ಹಗಲೆಲ್ಲ ಬಿಗಿಯ ಕಾಲುಚೀಲ ಹಾಕಿಕೊಳ್ಳಬೇಕು, ಬಿಟ್ಟರೆ ಮತ್ತೆ ಒಡೆಯುತ್ತದೆ ಎಂದು ಎರಡೆರಡು ಸಲ ಹೇಳಿದಳು. ವೈನಿ ಪೇಡೆ ಹಂಚಿದಳು. ನನಗೆ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂದಿತ್ತು. ಹನ್ನೊಂದು ವರ್ಷದ ಹುಣ್ಣಿಗೆ ಬೇಕಿದ್ದದ್ದು ಒಂದು ಬಿಗಿ ಕಟ್ಟು ಮತ್ತು ಕಾಲು ಚಾಚಲು ಒಂದು ಗಾದಿ.

ಹೇಳದೆ ಕೇಳದೆ ಮನೆಗೆ ಬಂದೆ. ಮಧ್ಯಾಹ್ನ. ಅವರು ಹೊರಗೆ ಹೋಗಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮದಲ್ಲದ ಒಂದು ನಾಲ್ಕು ಅಂತಸ್ತಿನ ಸ್ಟೀಲ್ ಡಬ್ಬಿ ಇತ್ತು. ತೆಗೆದು ನೋಡಿದರೆ ಬದನೆಕಾಯಿ ಎಣ್ಣೆಗಾಯಿ, ತೊಗರಿಬೇಳೆ ಪಲ್ಯ, ಎರಡರಲ್ಲೂ ಉಳ್ಳಾಗಡ್ಡಿ. ನಮ್ಮ ಮನೆಯ ಹೊಸ್ತಿಲೊಳಗೆ ಉಳ್ಳಾಗಡ್ಡಿ ಬಂದದ್ದು ನಾನು ಅದೇ ಮೊದಲು ನೋಡಿದ್ದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬುದು ಗಾದೆಯೆಂದಷ್ಟೇ ತಿಳಿದಿದ್ದೆ.

ಅವರು ಬಂದ ಮೇಲೆ ಕೇಳಿದೆ. "ಇದು ಎಲ್ಲಿಂದರಿ?"

"ಖಾನಾವಳಿದು. ದಿನಾ ಬರ್ತದ."

"ಯಾವತ್ತಿನಿಂದ?"

"ನೀ ಹೋದ ಮರುದಿನದಿಂದ." ಅಂಗವಸ್ತ್ರ ಕೊಡವಿ ಗೂಟಕ್ಕೆ ಹಾಕುತ್ತಾ, "ಆಪತ್ತಿನಾಗ ದೋಷ ಇಲ್ಲ" ಎಂದರು.

"ನನ್ನ ಕಾಲು ಆಪತ್ತು ಅಲ್ಲೇನ್ರಿ?"

ಅವರು ಕೈಕಾಲು ತೊಳೆಯಲು ಹೋದರು.

ಮರುದಿನ ಸ್ನಾನ ಮಾಡಿ, ಒಗೆಯದ ಕಾಲುಚೀಲ ಮೊಣಕಾಲಿನ ತನಕ ಏರಿಸಿಕೊಂಡು ಒಳಗೆ ಹೋದೆ. ಸ್ಟೂಲ್ ಹಾಕಿಕೊಂಡು ಕೂತು ಅನ್ನ, ಸಾರು ಮಾಡಿದೆ. ಎಲೆ ಹಾಕಿ ಬಡಿಸಿ, ಸೀರೆಯನ್ನು ಒಂದು ಗೇಣು ಎತ್ತಿ ಹಿಡಿದು ಅವರ ಎದುರಿಗೆ ನಿಂತೆ. ನೋಡಲಿ, ಎದ್ದು ಹೋಗಲಿ ಎಂದು ನಿಂತೆ. ಎದ್ದು ಹೋಗಿದ್ದರೆ ನಾನು ಬೈಯುತ್ತಿದ್ದೆ, ಅಳುತ್ತಿದ್ದೆ, ಆದರೆ ಆ ಎರಡು ವರ್ಷಕ್ಕೆ, ಕರಗಿ ಹೋದ ಆ ತೊಡೆಯ ಚರ್ಮಕ್ಕೆ ಒಂದು ಕಾರಣವಾದರೂ ಇರುತ್ತಿತ್ತು.

ಅವರು ಕಾಲು ನೋಡಿದರು. ಅನ್ನ ಕಲಸಿದರು. "ಸಾರು ಛಲೋ ಆಗ್ಯದ, ಇನ್ನೊಂದು ಸೌಟು ಹಾಕು" ಎಂದರು.