ರಂಗೋಲಿ ಅಳಿಸಿದ ಫೋಟೋ

ಯುದ್ಧದ ವರ್ಷಗಳಲ್ಲಿ ನಮ್ಮ ಮನೆಗೆ ಇದ್ದದ್ದು ಒಂದೇ ಚಿಂತೆ, ಅಕ್ಕನ ಮದುವೆ. ಬ್ಯಾಡಗಿಯ ಸಂಬಂಧ ಮುರಿದುಬಿದ್ದ ಮೇಲೆ ಅವ್ವ ಸರಿಯಾಗಿ ಉಂಡದ್ದೇ ಇಲ್ಲ. ಅಗಡಿಯ ಓಣಿಯವರೆಲ್ಲ ತಮ್ಮ ಕೆಲಸ ಬಿಟ್ಟು ಅಕ್ಕನ ವಯಸ್ಸಿನ ಲೆಕ್ಕ ಹಾಕುತ್ತಿದ್ದರು. ಅಷ್ಟರಲ್ಲಿ ರಾಣೇಬೆನ್ನೂರಿನಿಂದ ಮಾತು ಬಂತು. ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದರೂ ಆ ಮನೆಯಲ್ಲಿ ಅವಳು ಹೇಳಿದ್ದೇ ನಡೆಯಬೇಕು. ಹೆಣ್ಣಿನವರದು ಹಳೆಯ ಮನೆತನ ಹೌದೋ ಅಲ್ಲವೋ ನೋಡಬೇಕು, ಮನೆಯ ಫೋಟೋ ಕಳಿಸಿ ಎಂದಿದ್ದಳು.

ಹೆಣ್ಣಿನ ಒಂಟಿ ಫೋಟೋ ಪರರ ಮನೆಗೆ ಕಳಿಸುವುದು ನಮ್ಮಲ್ಲಿ ಮರ್ಯಾದೆಯಾಗಿರಲಿಲ್ಲ. ಮನೆಯ ಫೋಟೋದಲ್ಲಿ ಅವಳೂ ಬಾಗಿಲಲ್ಲಿ ನಿಂತಿದ್ದರೆ ಯಾರೂ ಆಡಿಕೊಳ್ಳುವಂತಿಲ್ಲ. ಅವ್ವ ತೋರಣ ಕಟ್ಟಿ, ರಂಗೋಲಿ ಹಾಕಿ, ಅಕ್ಕನಿಗೆ ತಿಳಿನೀಲಿ ಸೀರೆ ಉಡಿಸಿ ಹೊಸ್ತಿಲ ಮೇಲೆ ನಿಲ್ಲಿಸಿದಳು.

ಕೆಲಸ ಕೆಡಿಸಿದವನು ಅಪ್ಪ. ಮುತ್ತಜ್ಜ ಕಟ್ಟಿಸಿದ ವಾಡೆ ನಮ್ಮ ಮನೆ. ಕಲ್ಲಿನ ಕಮಾನು, ಕೆತ್ತಿದ ಕಂಬ. ಚೆಂದ ಕಾಣಲಿ ಎಂದು ಅದಕ್ಕೆಲ್ಲ ಸುಣ್ಣ ಬಳಿಸಿದ್ದ. ಫೋಟೋದಲ್ಲಿ ವಾಡೆ ನಿನ್ನೆ ಮೊನ್ನೆ ಕಟ್ಟಿದಂತೆ ಬಂತು. ಮತ್ತೆ ತೆಗೆಸೋಣವೆಂದರೆ ಕ್ಯಾಮೆರಾದಲ್ಲಿ ಚಿತ್ರ ಮೂಡಿಸುವ ಗಾಜು ಯುದ್ಧದ ದೆಸೆಯಿಂದ ಪೇಟೆಯಲ್ಲೇ ಇಲ್ಲ. ಹಾವೇರಿಯ ಫೋಟೋದವನೇ ಧೈರ್ಯ ಹೇಳಿದ. ಚಿತ್ರ ಮೂಡಿದ ಗಾಜನ್ನು ಚೂರಿಯಿಂದ ಕೆರೆದರೆ ಫೋಟೋದಲ್ಲಿ ಬೆಳ್ಳಗಿನದು ಕಪ್ಪಾಗುತ್ತದೆ, ಆಮೇಲೆ ಚಿತ್ರವನ್ನು ಔಷಧದಲ್ಲಿ ಅದ್ದಿದರೆ ಕಂದು ಬಣ್ಣ ಬಂದು ನೂರು ವರ್ಷದ ಹಿಂದಿನದೆನಿಸುತ್ತದೆ ಎಂದ. ನೂರು ವರ್ಷದ ಹಿಂದೆ ಅಗಡಿಗೆ ಕ್ಯಾಮೆರಾ ತಂದವರು ಯಾರೆಂದು ಅಪ್ಪ ಕೇಳಲಿಲ್ಲ.

ಚಿತ್ರ ಸಿದ್ಧವಾದ ದಿನ ಅಪ್ಪ ಅದನ್ನು ಅಂಗಡಿಯಿಂದ ಇಸಿದುಕೊಂಡು ಹಾಗೇ ರಾಣೇಬೆನ್ನೂರಿನ ರೈಲು ಹತ್ತಿದ. ನಾವು ದೇವರಿಗೆ ದೀಪ ಹಚ್ಚಿ ಕಾದೆವು. ಅಕ್ಕನ ಮದುವೆಯಾಗದೆ ನನ್ನದೂ ಆಗುವಂತಿರಲಿಲ್ಲ.

ಸಂಜೆ ಅಪ್ಪ ಬಂದವನೇ ಫೋಟೋ ಕಟ್ಟೆಯ ಮೇಲಿಟ್ಟು ಗೋಡೆಗೆ ಒರಗಿದ. ವಾಡೆ ನಿಜಕ್ಕೂ ಹಳೆಯದಾಗಿತ್ತು. ಆದರೆ ಬಾಗಿಲಿಗೆ ತೋರಣವಿಲ್ಲ, ಅಂಗಳದಲ್ಲಿ ರಂಗೋಲಿಯಿಲ್ಲ. ಅವ್ವ ನೋಡಿದ ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡಳು. ಸಾವಾದ ಮನೆಯ ಅಂಗಳ ಹಾಗಿರುತ್ತದೆ.

ಆ ಅಜ್ಜಿಯೂ ಹಾಗೇ ಕೇಳಿದಳಂತೆ, ಯಾರು ಸತ್ತಿದ್ದಾರೆ ಎಂದು. ಯಾರೂ ಇಲ್ಲ, ಹಳೆಯದಾಗಿ ಕಾಣಲಿ ಎಂದು ಕೆರೆಸಿದೆ ಎಂದು ಅಪ್ಪ ಇದ್ದದ್ದು ಇದ್ದಂತೆ ಹೇಳಿದ. ಅದಕ್ಕೆ ಅವಳ ಉತ್ತರವನ್ನು ಅಪ್ಪ ಗೋಡೆ ನೋಡುತ್ತಲೇ ನಮಗೆ ಒಪ್ಪಿಸಿದ: "ರಂಗೋಲಿ ಅಳಿಸಿದವರು ಇನ್ನ ಏನೇನ್ ಅಳಿಸೀರೋ, ಯಾರಿಗೊತ್ತು. ನಮಗ ಈ ಸಂಬಂಧ ಬ್ಯಾಡ್ರಿ."

ಅಕ್ಕ ಫೋಟೋ ಕೈಗೆತ್ತಿಕೊಂಡಳು. ಹೊಸ್ತಿಲ ಮೇಲೆ ಬರೀ ಕತ್ತಲಿತ್ತು.

"ಅಪ್ಪಾ, ನಾ ಇಲ್ಲೇ ನಿಂತಿದ್ನಲ್ಲ?"

"ಈಗಿನ ಸೀರಿ ಕಂಡ್ರ ಹಳೇದು ಅನಸೂದಿಲ್ಲ ಅಂದ ಆ ಫೋಟೋದಾಂವ. ನಾ ಹೂಂ ಅಂದೆ."

ನನಗೆ ಅಪ್ಪನ ಮೇಲೆ ಕೂಗಾಡಬೇಕೆನಿಸಿತು. ಅಕ್ಕ ಅಳಲಿಲ್ಲ.

"ಹಂಗಾರ ಅವರು ನನ್ನ ಬ್ಯಾಡ ಅಂದಿಲ್ಲ," ಎಂದಳು. "ನನ್ನ ನೋಡೇ ಇಲ್ಲ."

ನಾಳೆ ಮತ್ತೆ ಹೋಗಿ ಕೈಮುಗಿದು ಹೇಳುತ್ತೇನೆ ಎಂದ ಅಪ್ಪ. ಅಕ್ಕ ಬೇಡವೆಂದಳು. ಅವಳನ್ನು ಕೇಳಿಕೊಂಡು ಆಮೇಲೆ ಯಾರೂ ಬರಲಿಲ್ಲ.