ಹೊತ್ತು ಮುಳುಗುವ ಮುಂಚಿನ ಸರ್ವೆ

ನಿನ್ನೆ ಸಂಜೆ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಆಫೀಸಿನಲ್ಲಿ ಯಾರೋ ಡಬ್ಬಿ ಬಿಚ್ಚಿದರು. ಮೆಂತ್ಯೆ ಸೊಪ್ಪು ಹಾಕಿ ಹಾಲಿನಲ್ಲಿ ನಾದಿದ ದಶಮಿ ರೊಟ್ಟಿಯ ವಾಸನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಜೈನರ ಮನೆಯವಳು; ಹೊತ್ತು ಮುಳುಗುವುದರೊಳಗೆ ಅವಳ ಊಟ ಮುಗಿಯಬೇಕು. “ತಗೋರಿ ಸರ್” ಎಂದು ಒಂದು ತುಂಡು ಮುರಿದು ಕೊಟ್ಟಳು. ಬಾಯಿಗೆ ಹಾಕಿಕೊಂಡೆ, ಅಷ್ಟೇ... ಕಂಪ್ಯೂಟರಿನ ಮುಂದೆ ಕೂತವನಿಗೆ ಖಾನಾಪುರದ ಬಸ್ ಸ್ಟ್ಯಾಂಡಿನ ಬೆಂಚು ಕಂಡಿತು. ಅದರ ಮೇಲೆ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಸೂರ್ಯನನ್ನೊಮ್ಮೆ ಕೈಗಡಿಯಾರವನ್ನೊಮ್ಮೆ ನೋಡುತ್ತ ಗಡಿಬಿಡಿಯಿಂದ ಉಣ್ಣುತ್ತಿದ್ದ ನಮ್ಮ ಮೇಡಂ ಕಂಡರು.

ಮೇಡಂ ಬೆಳಗಾವಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಮನೆ ಅದೇ ಊರಿನ ಹಿಂದವಾಡಿ. ನಾನು ಅವರ ಕೈಯಲ್ಲಿ ಎಂ.ಎ. ಮುಗಿಸಿ, ಎಲ್ಲೂ ಕೆಲಸ ಸಿಗದೆ, ಕಾಕತಿಯ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಕಟ್ಟುತ್ತ ಕೂತಿದ್ದೆ. ಒಂದು ದಿನ ಅವರೇ ಹೇಳಿ ಕಳಿಸಿದರು.

“ಮರಾಠಿ ಬರ್ತದಲ್ಲ ನಿನಗ? ಹಂಗಾದ್ರ ನನ್ನ ಸಂಗಾಟ ಬಾ. ಪೊಟ್ಟಣಾ ಕಟ್ಟಾಕ ಯಾರಿಗರೆ ಬರ್ತದ.”

ಹೀಗೆ ನಾನು ಸಂಶೋಧಕನಾದೆ. ದೊಡ್ಡ ಹೆಸರು, ಕೆಲಸ ಮಾತ್ರ ಮನೆಮನೆ ತಿರುಗಿ ಪ್ರಶ್ನೆ ಕೇಳುವುದು. ಮೇಡಂಗೆ ಒಂದೇ ಹುಚ್ಚು: ಉರಿಯುವ ವಸ್ತು ಬದಲಾದರೆ ದುಡಿಯುವವರಿಗೆ ಏನಾಗುತ್ತದೆ ಎಂಬುದು. ಕರೆಂಟಿನ ದರ ಏರಿದರೆ ಗಿರಣಿಯವನು ಬೀಸುವ ದರ ಏರಿಸುತ್ತಾನೆ, ಅದಾಗದಿದ್ದರೆ ಆಳು ಬಿಡಿಸುತ್ತಾನೆ, ಇವೆರಡರ ನಡುವೆಯೇ ನಮ್ಮ ಶಾಸ್ತ್ರವೆಲ್ಲ ಇದೆ ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದರು. ನಮಗೆ ಆಗ ನಗು ಬರುತ್ತಿತ್ತು.

ಖಾನಾಪುರದ ಮಣ್ಣು ಹೆಂಚಿಗೆ ಹೇಳಿ ಮಾಡಿಸಿದ್ದು. ಅಲ್ಲಿನ ಹೆಂಚಿನ ಭಟ್ಟಿಗಳು ಮೊದಲಿನಿಂದ ಕಟ್ಟಿಗೆಯಲ್ಲೇ ಉರಿಯುತ್ತಿದ್ದವು. ಕಾಡು ಉಳಿಯಬೇಕು, ಹೊಗೆ ಕಡಿಮೆಯಾಗಬೇಕು ಎಂದು ಕೆಲವು ಭಟ್ಟಿಗಳು ಸರ್ಕಾರದ ನೆರವಿನಿಂದ ಗ್ಯಾಸಿಗೆ ಬದಲಾದವು. ಬದಲಾವಣೆ ಒಳ್ಳೆಯದೇ, ಆ ಬಗ್ಗೆ ಮೇಡಂ ಕೊನೆಯವರೆಗೂ ಎರಡು ಮಾತಾಡಲಿಲ್ಲ. ಪ್ರಶ್ನೆ ಇದ್ದದ್ದು ಆಳುಗಳದು. ಕೆಲಸ ಕಳೆದುಕೊಂಡವರಿಗೆ ಕೆಲಕಾಲ ಅರ್ಧ ಪಗಾರ ಕೊಟ್ಟು ಬೇರೆ ಕಸುಬು ಕಲಿಸಬೇಕೋ ಬೇಡವೋ ಎಂಬ ಮಾತು ಇಲಾಖೆಯಲ್ಲಿ ನಡೆದಿತ್ತು. ನಮ್ಮ ವರದಿ ನೋಡಿ ನಿರ್ಧರಿಸುತ್ತೇವೆ ಎಂದಿದ್ದರು.

ಭಟ್ಟಿ ಬದಲಾಗುವ ಮುಂಚೆ ಒಂದು ಸಲ, ಬದಲಾದ ಮೇಲೆ ಒಂದು ಸಲ ಅದೇ ಮನೆಗಳನ್ನು ಕೇಳುವುದು ನಮ್ಮ ಪದ್ಧತಿ. ಮುಂಜಾನೆ ಬಸ್ಸಿಗೆ ಹೋಗಿ, ಮಧ್ಯಾಹ್ನ ತಿರುಗಾಡಿ, ಬಿಸಿಲು ಇಳಿಯುವ ಮುಂಚೆ ವಾಪಸು ಬಸ್ಸು ಹತ್ತುತ್ತಿದ್ದೆವು. ಬೆಳಕಿರುವಾಗಲೇ ಮೇಡಂ ಹಿಂದವಾಡಿಯ ಮನೆ ಮುಟ್ಟಿ ಊಟಕ್ಕೆ ಕೂರಬೇಕಾಗಿತ್ತು. ಸಾವಿರ ಕೆಲಸವಿರಲಿ, ಆ ವ್ರತ ಮಾತ್ರ ತಪ್ಪುತ್ತಿರಲಿಲ್ಲ. ಎರಡನೆಯ ಸಲ ಹೋದಾಗ ಕೆಲವು ಮನೆಗಳಿಗೆ ಬೀಗ. ಮತ್ತೆ ಮತ್ತೆ ಹೋದೆವು, ಮತ್ತೆ ಬೀಗ. ಬಾಜು ಮನೆಯ ಮುದುಕಿಯರು “ಕೆಲಸಕ್ಕ ಹೋಗ್ಯಾರ್ರಿ” ಎನ್ನುತ್ತಿದ್ದರು. ಬೇರೆ ಕೆಲಸ ಸಿಕ್ಕಿದೆ, ಸಂತೋಷ ಎಂದು ಬರೆದುಕೊಂಡು ಮುಂದಕ್ಕೆ ಹೋದೆವು.

ಭಟ್ಟಿಯಲ್ಲಿ ಉಳಿದವರ ಪಗಾರ ಏರಿತ್ತು. ಹೊಗೆ ಇಲ್ಲ, ಕೆಮ್ಮು ಕಡಿಮೆ ಎಂದು ಅವರೂ ಖುಷಿಯಿಂದ ಹೇಳಿದರು. ಬೆಂಕಿಯೂ ಸ್ವಚ್ಛವಾಯಿತು, ಆಳಿಗೂ ಒಳಿತಾಯಿತು ಎಂದು ಮೇಡಂ ಬರೆದರು. ಬೆಳಗಾವಿಯ ಸಭೆಯಲ್ಲಿ ಅವರು ಅದನ್ನು ಓದಿದಾಗ ಬಿದ್ದ ಚಪ್ಪಾಳೆ ನನಗೆ ಇನ್ನೂ ಕೇಳಿಸುತ್ತದೆ. ಅರ್ಧ ಪಗಾರದ ಮಾತು ಅಂದೇ ಮುಗಿಯಿತು. ತೊಂದರೆಯೇ ಆಗಿಲ್ಲ ಎಂದಾಗ ನೆರವು ಯಾರಿಗೆ?

ಆಮೇಲೊಂದು ದಿನ ವರದಿಗೆ ಕೆಲವು ಫೋಟೋ ಬೇಕೆಂದು ಮತ್ತೆ ಖಾನಾಪುರಕ್ಕೆ ಹೋದೆವು. ಅವತ್ತು ಮೇಡಂಗೆ ಉಪವಾಸ. ಮನೆಗೆ ಹೋಗಿ ಉಣ್ಣುವ ಅವಸರವಿರಲಿಲ್ಲ. ಭಟ್ಟಿಯ ಹಿಂದೆ ಹೊತ್ತು ಇಳಿಯುವುದು ಚೆಂದ ಕಾಣುತ್ತದೆ, ಅದನ್ನೂ ತೆಗೆದುಬಿಡು ಎಂದು ನನ್ನನ್ನು ನಿಲ್ಲಿಸಿಕೊಂಡರು. ನಸುಗತ್ತಲೆಯಲ್ಲಿ ಆ ಓಣಿಯ ಬಾಯಿಗೆ ಒಂದು ಟೆಂಪೊ ಬಂದು ನಿಂತಿತು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಮೈಯೆಲ್ಲ ಸಿಮೆಂಟಿನ ಧೂಳು. ಮುಂದಿದ್ದವಳನ್ನು ನಾವಿಬ್ಬರೂ ಗುರುತು ಹಿಡಿದೆವು. ಮೊದಲ ಸರ್ವೆಯಲ್ಲಿ ಭಟ್ಟಿಗೆ ಕಟ್ಟಿಗೆ ಹೊರುತ್ತಿದ್ದ ಹೆಂಗಸು. ಎಲ್ಲರೂ ಆಕೆಯನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು.

“ಅಯ್ಯ, ಅಕ್ಕೋರ! ಇಷ್ಟೊತ್ತನ್ಯಾಗ ನೀವ ಇಲ್ಲಿ?” ಎಂದಳು ಮಾವಶಿ.

“ಎಲ್ಲಿಂದ ಬರಾಕತ್ತೀರಿ?” ಎಂದು ಮೇಡಂ ಕೇಳಿದರು.

“ಬೆಳಗಾಂವಿಂದರೀ. ಬಿಲ್ಡಿಂಗ್ ಕೆಲಸಾ. ಕೋಳಿ ಕೂಗೂತ್ಲೆ ಹೋಗೂದು, ದೀಪಾ ಹಚ್ಚೂತ್ಲೆ ಬರೂದು. ಯಾರರೆ ಕರದ್ರ ಕೆಲಸಾ, ಕರೀಲಿಲ್ಲಂದ್ರ ಕೂಲಿಯವ್ರು ನಿಲ್ಲೂ ನಾಕಾದಾಗ ನಿಂತು ತಿರಗಿ ಬರೂದು.”

“ಮತ್ತ ಭಟ್ಟಿ?”

“ಭಟ್ಟ್ಯಾಗ ಈಗ ನಮ್ದೇನೈತ್ರಿ? ಕಟ್ಟಿಗಿನ ಬ್ಯಾಡಾತು, ಹೊರಾವ್ರು ಯಾಕ ಬೇಕು?”

ನಕ್ಕೇ ಹೇಳಿದಳು. ಸೆರಗಿನ ಗಂಟಿನಿಂದ ಕೀಲಿ ತೆಗೆದು, ನಾವು ಹಗಲಿನಲ್ಲಿ ಬಂದು ಬಂದು ನೋಡಿ ಹೋಗಿದ್ದ ಬೀಗ ತೆಗೆದಳು. ಓಣಿಯ ಉದ್ದಕ್ಕೂ ಬೀಗಗಳು ತೆರೆಯುತ್ತ ಹೋದವು. ಕಟ್ಟಿಗೆ ಹೊರುವುದು, ಸೀಳುವುದು, ಒಟ್ಟುವುದು ಎಲ್ಲ ಹೆಂಗಸರ ಕೆಲಸವಾಗಿತ್ತು. ಹೋದದ್ದು ಅವರ ಕೆಲಸ, ನಾವು ಕೇಳದೆ ಬಿಟ್ಟದ್ದೂ ಅವರನ್ನೇ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ಅಂದರು, “ಪಂಕ್ತ್ಯಾಗ ಉಂಡೆದ್ದವರನ್ನಷ್ಟ ಕರದು ಊಟಾ ಹೆಂಗಿತ್ತು ಅಂತ ಕೇಳೀವಲ್ಲೋ ತಮ್ಮಾ...”

ಮರುದಿನವೇ ಇಲಾಖೆಗೆ ಹೋದರು. ತಮ್ಮ ವರದಿ ತಪ್ಪಾಗಿದೆ, ನೆರವಿನ ಮಾತು ಕೈಬಿಡಬೇಡಿ ಎಂದು ಕೈಮುಗಿದರು. ಅಧಿಕಾರಿ ಸಜ್ಜನ; ಕುರ್ಚಿ ಕೊಟ್ಟು ಚಹಾ ತರಿಸಿದ. “ಮೇಡಂ, ಬರದವರೂ ನೀವ, ಈಗ ಬ್ಯಾಡ ಅನ್ನಾವ್ರೂ ನೀವ. ನಾವ ಯಾವುದನ್ನ ನಂಬೂಣ್ರಿ? ಮುಂದಿನ ವರ್ಷ ನೋಡೂಣಂತ” ಎಂದ. ಮುಂದಿನ ವರ್ಷ ಆತ ಆ ಕುರ್ಚಿಯಲ್ಲಿ ಇರಲಿಲ್ಲ.

ಮೇಡಂ ಮತ್ತೆ ಸರ್ವೆ ಹೂಡಿದರು. ಈ ಸಲ ದೀಪ ಹಚ್ಚುವ ಹೊತ್ತಿಗೆ. ಬಿಸಿಲಿರುವಾಗಲೇ ಬಸ್ ಸ್ಟ್ಯಾಂಡಿನಲ್ಲಿ ದಶಮಿ ತಿಂದು, ನೀರು ಕುಡಿದು, ಬಾಯಿ ತೊಳೆದು ಟೆಂಪೊ ದಾರಿ ಕಾಯುತ್ತಿದ್ದರು. ಅಷ್ಟರಲ್ಲಿ ಎಲ್ಲೋ ದೂರದ ದೇಶಗಳ ಜಗಳಕ್ಕೆ ಗ್ಯಾಸಿನ ದರ ಏರಿ, ಒಂದು ಭಟ್ಟಿ ತಣ್ಣಗಾಯಿತು. ಪಗಾರ ಏರಿದೆ ಎಂದು ನಮಗೆ ಹೇಳಿದ್ದ ಗಂಡಸರೂ ಟೆಂಪೊ ಹತ್ತಿದರು. ಮೇಡಂ ಅದನ್ನೂ ಸೇರಿಸಿ ಎರಡನೆಯ ವರದಿ ಬರೆದರು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವ ಹೆಂಗಸು ಎಂದು ಕಾಲೇಜಿನವರು ಆಡಿಕೊಂಡರು. ಆ ಎರಡನೆಯ ವರದಿ ಓದಿದವರು ಯಾರಾದರೂ ಇದ್ದರೋ ಇಲ್ಲವೋ, ನನಗಂತೂ ಸಿಗಲಿಲ್ಲ.

ನನಗೆ ಸಿಟ್ಟು ಬರುತ್ತಿದ್ದದ್ದು ಬೇರೆ ವಿಷಯಕ್ಕೆ. ತಪ್ಪಿನ ಮಾತನ್ನು ಮೇಡಂ ಸಭೆಯಲ್ಲಿ ಎದ್ದು ನಿಂತು ಹೇಳಿದರು, ಪತ್ರ ಬರೆದು ಹೇಳಿದರು, ಬೆಂಗಳೂರಿನ ಅಧಿಕಾರಿಗಳಿಗೆ ಹೇಳಿದರು. ಮಾವಶಿಗೆ ಮಾತ್ರ ಹೇಳಲಿಲ್ಲ. “ಇವತ್ತು ಹೇಳ್ತೀನೋ ತಮ್ಮಾ” ಎನ್ನುತ್ತಲೇ ಆಕೆಯ ಮನೆ ಮೆಟ್ಟಿಲು ಹತ್ತುತ್ತಿದ್ದರು. ಮಾವಶಿ ಒಲೆ ಹಚ್ಚುತ್ತ “ಚಾ ಮಾಡ್ಲೆನ್ರಿ ಅಕ್ಕೋರ?” ಎಂದರೆ, “ಹೊತ್ತು ಮುಳಗೇದ ಮಾವಶಿ, ನಾ ಏನೂ ತಗೊಳ್ಳಂಗಿಲ್ಲ” ಎಂದು ತಲೆ ತಗ್ಗಿಸುತ್ತಿದ್ದರು. ಅಲ್ಲಿಗೆ ಅವತ್ತಿನ ಧೈರ್ಯ ಮುಗಿಯುತ್ತಿತ್ತು. ದೊಡ್ಡವರೆದುರು ಹುಲಿಯಂತಿದ್ದವರು ಆ ಒಲೆಯ ಮುಂದೆ ಯಾಕೆ ಹಾಗಾಗುತ್ತಿದ್ದರೋ...

ನಿವೃತ್ತಿಯಾದ ಮೇಲೆ ಮೊಣಕಾಲು ಹಿಡಿದು ಬಸ್ಸು ಹತ್ತಲಾಗಲಿಲ್ಲ. ಹಿಂದವಾಡಿಗೆ ಹೋದಾಗಲೆಲ್ಲ ಮೊದಲ ಮಾತು ಅದೇ: “ಮಾವಶಿ ಭೆಟ್ಟಿ ಆಗಿದ್ಲೇನು? ನಂದೊಂದು ಮಾತು ಆಕಿಗೆ ಹೇಳೂದು ಉಳದದ.” ಕಾರು ಮಾಡಿಕೊಂಡು ಹೋಗಿಬರೋಣ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಜ್ವರ ಬಂತು, ಆಸ್ಪತ್ರೆ ಬಂತು. ಮೇಡಂ ಮನೆಗೆ ಮರಳಲಿಲ್ಲ.

ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಮಾವಶಿ ಅವತ್ತಿನ ಕೂಲಿ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು. ವೇದಿಕೆಯ ಮೇಲಿದ್ದ ದೊಡ್ಡವರೊಬ್ಬರು ಮೇಡಂ ಅವರ ಜೀವಮಾನದ ಸಾಧನೆ ಎಂದು ಮೊದಲ ವರದಿಯನ್ನೇ ಎತ್ತಿ ಹಿಡಿದು, ಅದರ ಸಾಲುಗಳನ್ನು ಓದಿದರು. ಪುಸ್ತಕದ ಕನ್ನಡ ಮಾವಶಿಗೆ ಅಷ್ಟಾಗಿ ತಿಳಿಯುವುದಿಲ್ಲ. ಏನು ಹೇಳುತ್ತಿದ್ದಾರೆ ಎಂದು ಕೇಳಿದಳು.

“ಗ್ಯಾಸ್ ಬಂದ ಮ್ಯಾಲ ನಿಮಗೆಲ್ಲಾ ಛಲೋ ಆತು ಅಂತ ಮೇಡಂ ಬರದಿದ್ರು, ಅದನ್ನ ಓದಾಕತ್ಯಾರ” ಎಂದೆ.

“ಖೋಟಾ” ಎಂದಳು ಮಾವಶಿ. “ಅಕ್ಕೋರು ಹಂಗ ಬರಿಯಾವ್ರಲ್ಲ.”

ಹೊರಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಹಗಲಿನ ಸರ್ವೆ, ಸಿಗದೆಹೋದ ಅರ್ಧ ಪಗಾರ, ಮೇಡಂ ಹೇಳಬೇಕೆಂದು ಹೇಳದೆ ಉಳಿದದ್ದು. ಮಾವಶಿ ಗಿಡದ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡಳು. ಅರ್ಧ ಪಗಾರ ಎಂದಾಗ ಒಮ್ಮೆ ಕಣ್ಣು ಮುಚ್ಚಿದಳು. ಆಕೆಯ ಮಗಳು ಸಾಲಿ ಬಿಟ್ಟು ಟೆಂಪೊ ಹತ್ತಿದ್ದು ಅದೇ ವರ್ಷ.

“ಹೇಳಿದ್ರ ಏನ ಮಾಡ್ತಿದ್ರಿ ಮಾವಶಿ?” ಎಂದು ಕೇಳಿದೆ.

“ಬೈತಿದ್ದೆ” ಎಂದಳು. “ಬಾಯಿಗೆ ಬಂದಂಗ ಬೈತಿದ್ದೆ. ಬೈದು, ಅಮಾಸಿಗೆ ನಮಗ ಕೆಲಸಾ ಸೂಟಿ ಇರ್ತದ, ಹೊತ್ತು ಮುಳಗೂದ್ರೊಳಗ ಬರ್ರಿ, ಚಾ ಕುಡದು ಹೋಗ್ರಿ ಅಂತಿದ್ದೆ.”

ಹೋದ ಅಮಾವಾಸ್ಯೆಗೆ ನಾನೊಬ್ಬನೇ ಖಾನಾಪುರಕ್ಕೆ ಹೋಗಿದ್ದೆ. ಇನ್ನೂ ಬಿಸಿಲಿತ್ತು. ಮಾವಶಿ “ಬರ್ರಿ, ಕುಂದರ್ರಿ” ಎಂದು ಚಾಪೆ ಹಾಸಿ ಚಹಾ ಕೊಟ್ಟಳು, ಮಗಳ ಮದುವೆಯ ಮಾತಾಡಿದಳು. ಬೈಯಲಿಲ್ಲ. ಬೈಸಿಕೊಳ್ಳಬೇಕಾದವರು ಬಂದಿರಲಿಲ್ಲ.