ಓನರಮ್ಮ ನೋಡಿದ ಅರಮನೆ

ಚಳಿಗಾಲ ಬಂತೆಂದರೆ ಆಕೆ ಸೀರೆಯ ಮೇಲೆ ಗಂಡನ ಹಳೆಯ ಫ್ಯಾಕ್ಟರಿ ಅಂಗಿ ತೊಟ್ಟುಕೊಳ್ಳುತ್ತಿದ್ದರು. ಖಾಕಿ ಬಟ್ಟೆ, ಮಡಿಸಿದ ತೋಳು, ಜೇಬಿನ ಮೇಲೆ ಹೋಗದ ಆಯಿಲ್ ಕಲೆ. ಆ ವೇಷದಲ್ಲೇ ಬೆಳಿಗ್ಗೆ ಬಾಡಿಗೆಯವರಿಗೆ ನೀರು ಬಿಡುತ್ತಿದ್ದರು. ಟಿ. ದಾಸರಹಳ್ಳಿಯ ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಎಲ್ಲರಿಗೂ ಅವರು ಓನರಮ್ಮ. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಅವರಿಗೆ ‘ಪೇಪರ್ ಸಾರ್’.

ಮಾತು ಕಡಿಮೆ. ಬೀದಿಯ ಸುದ್ದಿ ಹೊತ್ತು ಬಂದವರನ್ನು “ಒಲೆ ಮೇಲೆ ಏನೂ ಇಟ್ಟಿಲ್ವಾ ನೀವು?” ಎಂದು ಗೇಟಿನಲ್ಲೇ ಕಳಿಸಿಬಿಡುತ್ತಿದ್ದರು. ಯಾರಿಗಾದರೂ ಜ್ವರ ಬಂದರೆ ಮಾತ್ರ ಕೇಳುವ ಮೊದಲೇ ಗಂಜಿ ಬರುತ್ತಿತ್ತು.

ಯಜಮಾನರು ಪೀಣ್ಯದಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದವರು. ಮದುವೆಯ ಹೊಸತರಲ್ಲಿ ಹೆಂಡತಿಗೆ ಮೈಸೂರು ಅರಮನೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ಶಿಫ್ಟು, ಓವರ್‌ಟೈಮಿನ ನಡುವೆ ಆಗಲೇ ಇಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ನೋಟ ಮಂಜಾಗತೊಡಗಿದ ಮೇಲೆ ಅವರಿಗೆ ಅದೇ ಧ್ಯಾನವಾಯಿತು. ಒಂದು ಕ್ರಿಸ್‌ಮಸ್ ರಜೆಯಲ್ಲಿ ಹೊರಟೇಬಿಟ್ಟರು. ಜನಜಂಗುಳಿಯಲ್ಲಿ ಜೊತೆಗಿರಲಿ ಎಂದು ಓನರಮ್ಮ ನನ್ನನ್ನೂ ಕರೆದರು.

ಚಪ್ಪಲಿ ಬಿಟ್ಟು ಒಳಗೆ ಹೋದೆವು. ನೆಲ ತಣ್ಣಗೆ ಕೊರೆಯುತ್ತಿತ್ತು. ಯಜಮಾನರು ಹೆಂಡತಿಯ ಭುಜದ ಮೇಲೆ ಕೈಯಿಟ್ಟು, ತಾವೇ ಕರೆದೊಯ್ಯುವವರಂತೆ ನಡೆದರು. “ಅಲ್ನೋಡು, ಎಂಥಾ ಚಿತ್ರ!” ಎಂದು ಅವರು ಕೈ ತೋರಿಸಿದ ಕಡೆ ಮುಚ್ಚಿದ ಬಾಗಿಲಿತ್ತು.

“ಊಂ, ಚೆಂದಾಗೈತೆ,” ಎಂದರು ಓನರಮ್ಮ.

ಕಲ್ಯಾಣ ಮಂಟಪದಲ್ಲಿ ಯಜಮಾನರು ತಲೆಯೆತ್ತಿ ನಿಂತು, “ಕಂಬಕ್ಕೆ ಎಂಥಾ ಕೆಂಪು ಬಣ್ಣ ಹೊಡ್ದವ್ರೆ ನೋಡೆ,” ಎಂದರು. ಪಕ್ಕದಲ್ಲಿದ್ದ ಯುವಕ ನಕ್ಕ. “ಅಜ್ಜ, ಅದು ನೀಲಿ.”

ಓನರಮ್ಮ ತಿರುಗಿದರು. “ಅವ್ರು ಕೆಂಪು ಅಂದ್ಮೇಲೆ ಕೆಂಪೇ ಕಣಪ್ಪ. ನೀನು ನಿನ್ ಫೋಟೋ ತಕ್ಕೋ, ಓಗು.”

ಅಲ್ಲಿಂದ ಮುಂದೆ ಆಕೆ ಮಾತು ನಿಲ್ಲಿಸಲಿಲ್ಲ. “ರೀ, ಮ್ಯಾಲೆ ಗಾಜಿನ ತುಂಬಾ ನವಿಲು. ಬಿಸ್ಲು ಬಿದ್ದು ನೆಲದ ಮ್ಯಾಲೂ ಬಣ್ಣ ಬಂದೈತೆ.”

“ನೀನೇನ್ ಹೇಳೋದು? ನಂಗೂ ಕಣ್ಣವೆ,” ಎಂದು ಯಜಮಾನರು ಗದರಿದರು. ಮುಖ ಮಾತ್ರ ಅರಳಿತ್ತು.

ವಾಪಸಾಗುವಾಗ ರೈಲಿನಲ್ಲಿ ಅವರು ನಿದ್ದೆಹೋದ ಮೇಲೆ ಓನರಮ್ಮ ನನ್ನತ್ತ ಬಾಗಿದರು. “ಅವ್ರಿಗೆ ಏನೂ ಕಾಣಲ್ಲ, ಪೇಪರ್ ಸಾರ್. ದಸರಾ ಕಳೆದ ಮ್ಯಾಲೆ ಒಂದಿನ ಉಪ್ಪಿನ್ಕಾಯಿನ ಪಲ್ಯ ಅಂತ ಅನ್ನಕ್ಕೆ ಕಲಸ್ಕೊಂಡ್ರು. ಖಾರ ಅಂತಲೂ ಅನ್ದೆ ತಿಂದ್ರು. ಆವತ್ತೇ ಗೊತ್ತಾಯ್ತು.”

“ಮತ್ತೆ ಅರಮನೆಗೆ ಯಾಕೆ ಬಂದ್ರಿ?”

“ಅವ್ರು ತೋರಿಸ್ಬೇಕು ಅಂತಿದ್ರು. ತೋರಿಸಿದ್ರು, ನಾನು ನೋಡ್ದೆ. ನಂಗೆ ಗೊತ್ತಿಲ್ಲ ಅಂತ್ಲೇ ಅಂದ್ಕೊಂಡವ್ರೆ. ಅಂಗೇ ಇರ್ಲಿ. ನೀವು ಬಾಯಿ ಬಿಡ್ಬೇಡಿ.”

ಅದಾದ ಮೇಲೆ ಸಂಜೆಯ ಹೊತ್ತು ಇಬ್ಬರೂ ಮೆಟ್ಟಿಲ ಮೇಲೆ ಕೂರತೊಡಗಿದರು. ಯಾರ ಮನೆಯ ಸುದ್ದಿಯೂ ಬೇಡವೆನ್ನುತ್ತಿದ್ದ ಓನರಮ್ಮ ಈಗ ಬೀದಿಯನ್ನೇ ಬೈಯುತ್ತಾ ಕೂತಿರುತ್ತಿದ್ದರು. “ನೋಡ್ರೀ ಆ ಮೂಲೆಮನೆಯವ್ಳ, ಅರಿಶಿನದ ಸೀರೆ ಉಟ್ಕೊಂಡು ಕೆಸರಲ್ಲಿ ನಡೀತಾವ್ಳೆ. ಹಾಲಿನೋನು ಮೀಸೆ ಬೋಳಿಸ್ಬಿಟ್ಟವ್ನೆ, ಥೂ.” ಆಕೆಗೆ ವಯಸ್ಸಾದ ಮೇಲೆ ಬಾಯಿ ಬಂದಿದೆ ಎಂದು ಬಾಡಿಗೆಯವರು ನಗುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೀರು ಬಿಡಲು ಹೋದ ಓನರಮ್ಮ ಅಲ್ಲೇ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಹೃದಯ ನಿಂತಿತ್ತು.

ಮನೆಯ ಮುಂದೆ ಮಲಗಿಸಿದ್ದರು. ತಲೆಯ ಬಳಿ ಕೂತಿದ್ದ ಯಜಮಾನರು ನನ್ನ ಧ್ವನಿ ಗುರುತಿಸಿ ಪಕ್ಕಕ್ಕೆ ಕರೆದರು.

“ನಂಗೆ ಕಣ್ಣು ಕಾಣಲ್ಲ ಸಾರ್. ಬಹಳ ದಿನ ಆಯ್ತು. ಪಾಪ, ಇವಳಿಗೆ ಕೊನೇವರ್ಗೂ ಗೊತ್ತಾಗ್ದಂಗೆ ಇದ್ಬಿಟ್ಟೆ. ಗೊತ್ತಾಗಿದ್ರೆ ತಡ್ಕೊಳ್ತಿರ್ಲಿಲ್ಲ.”

“ಅವರಿಗೆ ಗೊತ್ತಿರಲಿಲ್ಲ,” ಎಂದೆ.

ಅವರು ತಲೆಯಾಡಿಸಿದರು. ನನ್ನತ್ತ ಬಾಗಿ ಕೇಳಿದರು: “ಈಗ ಎಂಗವ್ಳೆ? ಹೇಳಿ.”

ಹಸಿರು ಸೀರೆ ಉಡಿಸಿದ್ದಾರೆ ಎಂದೆ. ಹಣೆಯ ಕುಂಕುಮ ಸ್ವಲ್ಪ ಎಡಕ್ಕೆ ಜಾರಿದೆ, ಮಲ್ಲಿಗೆ ಮುಡಿಸಿದ್ದಾರೆ, ಎಡಗೈ ಮುಷ್ಟಿ ಪೂರ್ತಿ ಬಿಚ್ಚಿಲ್ಲ ಎಂದೆ. ಅವರು ತಡವಿಕೊಂಡು ಆ ಕೈ ಹುಡುಕಿದರು. ಸಿಕ್ಕಿತು. “ಊಂ, ಆಮೇಲೆ?” ಎಂದರು.

ನಾನು ಹೇಳುತ್ತಾ ಹೋದೆ.